ಸುರುಳಿಯಂಚಿನ ಬಿಳಿ ಚುಕ್ಕಿ

ಸ್ಟುಡಿಯೋದ ಶಟರ್ ಅರ್ಧ ಎತ್ತುವಾಗಲೇ ಫೋಟೋಗ್ರಾಫರನ ಫೋನಿಗೆ ಸುದ್ದಿ ಬಂತು. ದೂರದ ಗೆಲಾಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದಿದೆ. ಪತ್ತೆಯಾದದ್ದು ಭಾನುವಾರ. ಅದಕ್ಕೂ ಮುಂಚೆ ಆ ಗೆಲಾಕ್ಸಿಯ ಚಿತ್ರ ತೆಗೆದ ಹವ್ಯಾಸಿಗಳಿದ್ದರೆ ಕಳಿಸಬೇಕು. ಸ್ಫೋಟ ಯಾವಾಗ ಶುರುವಾಯಿತೆಂದು ತಿಳಿಯಲು ವಿಜ್ಞಾನಿಗಳಿಗೆ ಬೇಕಾಗಿದೆ.

ಅವನು ಶುಕ್ರವಾರವೇ ತೆಗೆದಿದ್ದ. ಮದುವೆಗೆ ಒಯ್ಯುವ ಹಳೆಯ ಕ್ಯಾಮೆರಾಕ್ಕೆ ಟೆಲಿ ಲೆನ್ಸ್ ಹಾಕಿ, ಆಕಾಶದ ಜೊತೆ ತಿರುಗುವ ಸಣ್ಣ ಮೋಟಾರಿನ ಮೇಲೆ ಕೂರಿಸಿ, ತೆಗೆದ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದ್ದ. ಇಷ್ಟು ವರ್ಷ ನಿದ್ದೆಗೆಟ್ಟದ್ದಕ್ಕೆ ಮೊದಲ ಸಲ ಯಾರೋ ಅವನ ಚಿತ್ರ ಕೇಳುತ್ತಿದ್ದರು.

ಒಳಗೆ ಹೆಂಡತಿ ಕಂಪ್ಯೂಟರಿನಲ್ಲಿ ಮದುಮಗಳ ಕೆನ್ನೆಯ ಮೊಡವೆ ತೆಗೆಯುತ್ತಿದ್ದಳು. ಫೋಟೋ ತೆಗೆಯುವುದು ಅವನ ಕೆಲಸ, ತಿದ್ದುವುದು ಅವಳದು. ಮದುವೆಗಳ ತಿಂಗಳು, ಇಬ್ಬರ ಕಣ್ಣೂ ಕೆಂಪಾಗಿದ್ದವು.

"ಸ್ವಲ್ಪ ಏಳು, ಆ ಗೆಲಾಕ್ಸಿ ಚಿತ್ರ ಬೇಕು."

"ನನ್ನ ಸವತಿನಾ? ಕೊನೇ ಫೋಲ್ಡರಲ್ಲಿ ಮಲಗಿದ್ದಾಳೆ, ಎಬ್ಬಿಸ್ಕೊಳ್ಳಿ."

ಚಿತ್ರ ತೆರೆದ. ಸುದ್ದಿಯಲ್ಲಿ ಬಾಣ ಹಾಕಿ ತೋರಿಸಿದ್ದ ಜಾಗದಲ್ಲಿ ಏನೂ ಇರಲಿಲ್ಲ.

"ಶುಕ್ರವಾರ ಇನ್ನೂ ಸಿಡಿದಿರ್ಲಿಲ್ಲ. ಇಲ್ಲ ಅನ್ನೋದೂ ಒಂದು ಸಾಕ್ಷಿನೇ. ಕಳಿಸ್ತೀನಿ," ಎಂದು ಫೋನು ಜೇಬಿಗೆ ಹಾಕಿ ಮೇಲ್ ಬರೆಯತೊಡಗಿದ.

ಅವಳು ಅವನ ಕೈ ಹಿಡಿದಳು. "ತಡೀರಿ. ಅದನ್ನ ನಾನು ತಿದ್ದಿದ್ದೀನಿ."

"ಏನು ತಿದ್ದಿದ್ದೀಯ?"

"ಫ್ರೇಮ್ ಹಾಕಿಸಿ ನಿಮಗೆ ಕೊಡೋಣ ಅಂತಿದ್ದೆ. ಈ ಹಳೇ ಕ್ಯಾಮೆರಾ ಕತ್ತಲಲ್ಲಿ ಬಿಳಿ ಚುಕ್ಕಿ ಬೀಳಿಸುತ್ತಲ್ಲ, ಅಂಥದ್ದೇ ಅಂದ್ಕೊಂಡು ಒಂದನ್ನ ಒರೆಸಿಬಿಟ್ಟೆ. ಕೈ ಅಭ್ಯಾಸ."

"ಎಲ್ಲಿತ್ತು?"

ಸುದ್ದಿಯ ಚಿತ್ರವನ್ನು ಅವಳು ನೋಡಿರಲಿಲ್ಲ. ಗೆಲಾಕ್ಸಿಯ ಸುರುಳಿಯ ಅಂಚಿನಲ್ಲಿ ಬೆರಳಿಟ್ಟಳು. ಬಾಣದ ಜಾಗವೇ.

"ಕಾರ್ಡಲ್ಲಿ ಮೂಲ ಇರ್ಬೇಕಲ್ಲ?" ಎಂದು ಅವಳೇ ಕೇಳಿದಳು.

"ಶನಿವಾರ ಅಳಿಸಿ ಮದುವೆಗೆ ತಗೊಂಡು ಹೋದೆ. ಕಂಪ್ಯೂಟರಲ್ಲೂ ಇದೊಂದೇ ಇರೋದು."

ಅವಳ ಕಣ್ಣು ತುಂಬಿತ್ತು. ಬೈಯುವಷ್ಟು ತ್ರಾಣ ಅವನಿಗೆ ಇರಲಿಲ್ಲ.

"ಬಹುಶಃ ಎಲ್ಲರಿಗಿಂತ ಮೊದಲು ನೋಡಿದವಳು ನೀನೇ ಕಣೇ," ಎಂದ.

"ಒರೆಸಿದವಳೂ ನಾನೇ."

ತಿದ್ದಿದ ಚಿತ್ರ ಯಾವುದಕ್ಕೂ ಸಾಕ್ಷಿಯಲ್ಲ. ಅವನು ಮೇಲ್ ಅಳಿಸಿ ಎದ್ದ. ಅವಳು ಮತ್ತೆ ಕುರ್ಚಿಯಲ್ಲಿ ಕೂತು ಮದುಮಗಳ ಫೋಟೋ ತೆರೆದಳು. ಗಲ್ಲದ ಮೇಲೆ ಒಂದು ಕಪ್ಪು ಚುಕ್ಕಿ. ಮೌಸ್ ಅಲ್ಲೇ ನಿಂತಿತು.

"ರೀ, ಇದು ಮಚ್ಚೆನಾ, ಕಲೆನಾ?"

"ನಂಗೇನು ಗೊತ್ತು. ಅವರ ಮನೆಗೆ ಫೋನ್ ಮಾಡಿ ಕೇಳು," ಎಂದು ಅವನು ಶಟರ್ ಪೂರ್ತಿ ಎತ್ತಲು ಹೋದ.