ಅಳತೆ ಪುಸ್ತಕದ ರಟ್ಟು

"ಕತ್ತರಿ ಬೇಡ, ಬ್ಲೇಡು ಕೊಡು!" ಎನ್ನುತ್ತ ಮುದುಕ ಬೈಂಡರ್, ಟೈಲರಮ್ಮ ಗಿರಾಕಿಗಳ ಅಳತೆ ಬರೆದಿಡುತ್ತಿದ್ದ ಪುಸ್ತಕವನ್ನು ಹೊಲಿಗೆ ಯಂತ್ರದ ಮೇಲೆ ಮಗುಚಿಹಾಕಿದ. ಪಕ್ಕದ ಕೋಣೆಯಲ್ಲಿ ಅವಳ ದೇಹ ಮಲಗಿತ್ತು. ಹೊರಗೆ ಗಾಡಿ ಬಂದು ನಿಂತಿತ್ತು.

"ಮಾಮ, ಹೊತ್ತಾಯ್ತು," ಎಂದಳು ಮಗಳು. "ಅಮ್ಮನ ಒಂದು ಫೋಟೊ ಇದ್ಯಾ ಅಂತ ಕೇಳಿದ್ರೆ, ನೀವು ಪುಸ್ತಕ ಹರೀತಾ ಕೂತಿದೀರಲ್ಲ!"

ಅವಳ ಸಂಕಟ ಸುಳ್ಳಲ್ಲ. ಕ್ಯಾಮೆರಾ ಕಂಡರೆ ಸಾಕು, ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಕಣ್ಣು ಬಿಟ್ಟಿರುವ ಅಮ್ಮನ ಮುಖ ಎಲ್ಲೂ ಉಳಿದಿರಲಿಲ್ಲ.

"ಫೋಟೊ ಅಲ್ಲ ಕಣೇ, ಚಿತ್ರ! ನಿಮ್ಮಮ್ಮ, 'ನಾನು ಹೋದ ದಿನ ತೆಗಿ, ಅಲ್ಲೀವರೆಗೆ ಬಾಯಿ ಹೊಲ್ಕೊಂಡಿರು' ಅಂದಿದ್ಲು. ನಲವತ್ತು ವರ್ಷ ಹೊಲ್ಕೊಂಡಿದ್ದೆ!"

*

ಟೈಲರಮ್ಮ ಹತ್ತು ವರ್ಷದವಳಿದ್ದಾಗ ಪರದೇಶದ ದೊರೆಯೊಬ್ಬ ಅವಳ ಚಿತ್ರ ಬರೆದಿದ್ದ. ತಾನೇ ಹೊಲಿದ ಮೊದಲ ರವಿಕೆ ತೊಟ್ಟು, ಕೊರಳಿಗೆ ಅಪ್ಪನ ಅಳತೆ ಟೇಪು ಹಾಕಿಕೊಂಡು, ಮೂರು ದಿನ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದಳು.

ಎಷ್ಟೋ ವರ್ಷದ ಮೇಲೆ, ಆ ಚಿತ್ರ ಅಚ್ಚಾಗಿದ್ದ ದೊರೆಯ ಪುಸ್ತಕ ಹೊಸ ರಟ್ಟಿಗೆಂದು ಬೈಂಡರನ ಅಂಗಡಿಗೆ ಬಂತು. ಮುಖ, ಹುಬ್ಬಿನ ಮೇಲಿನ ಮಚ್ಚೆ ಸಮೇತ, ಅವಳದೇ. ಮಿಕ್ಕದ್ದು ಯಾರದೋ. ಮೈಗೆ ಎಲೆ, ಹಿಂದೆ ಹುಲಿ, ಕೊರಳಲ್ಲಿ ಹಾವು.

ಬೈಂಡರ್ ಕರೆದು ತೋರಿಸಿದಾಗ, "ನನ್ನ ರವಿಕೆ ಎಲ್ಲಿ?" ಎಂದಷ್ಟೇ ಕೇಳಿದಳು. ಆಮೇಲೆ, "ಈ ಹಾಳೆ ನನಗೆ ಬೇಕು" ಎಂದಳು.

ಪುಸ್ತಕ ಒಂದು ಹಾಳೆ ಕಡಿಮೆಯಾಗಿ ವಾಪಸು ಹೋಯಿತು. ಬೈಂಡರ್ ತನ್ನ ಕಸುಬಿನಲ್ಲಿ ಮಾಡಿದ ಕಳ್ಳತನ ಅದೊಂದೇ. ತಿಂಗಳಾದ ಮೇಲೆ ಅವಳು ಆ ಹಾಳೆಯನ್ನು ಮಡಿಸಿ ತಂದು, ಅಳತೆ ಪುಸ್ತಕದ ರಟ್ಟಿನೊಳಗೆ ಸೇರಿಸಿ ಅಂಟಿಸಿಬಿಡು ಎಂದಳು.

*

ರಟ್ಟು ಬಿಚ್ಚಿತು. ಅಳಿಯ ಬಗ್ಗಿ ನೋಡಿ ಹೌಹಾರಿದ.

"ಅಯ್ಯೋ, ಯಾರಿದು ಕಾಡಿನವಳು? ಇದನ್ನ ಅತ್ತೆ ತಲೆ ಹತ್ರ ಇಡೋದಾ? ಹಿಂದೆ ಹುಲಿ ಬೇರೆ!"

"ಕನ್ನಡಕ ಹಾಕ್ಕೊಂಡು ನೋಡೋ ಮಾರಾಯ!" ಎಂದ ಬೈಂಡರ್.

ಮಗಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಅಮ್ಮನ ಕಣ್ಣು! ನೋಡಿ, ಅದೇ ಕಣ್ಣು, ಅದೇ ಮಚ್ಚೆ! ಬನ್ನಿ, ಎಲ್ಲಾ ಬನ್ನಿ!" ಎಂದು ಕೂಗಿದಳು. ಗಾಡಿಯ ಹತ್ತಿರ ನಿಂತಿದ್ದವರೆಲ್ಲ ಒಳಗೆ ನುಗ್ಗಿದರು.

ಎಲೆಗಳ ಮೇಲೆ ಶಾಯಿಯಲ್ಲಿ ಒಂದು ರವಿಕೆ ಎದ್ದಿತ್ತು. ಐದು ಗುಂಡಿ, ತೋಳಂಚಿಗೆ ಎರಡು ಸಾಲು ಹೊಲಿಗೆ. ಹುಲಿಗೂ ಒಂದು ಕಾಲರು ಸಿಕ್ಕಿತ್ತು. ಕೊರಳಲ್ಲಿದ್ದ ಹಾವಿನ ಮೈಮೇಲೆ, ಹೆಡೆಯಿಂದ ಬಾಲದ ತುದಿಯವರೆಗೆ, ಒಂದೇ ಅಂತರದ ಸಣ್ಣ ಸಣ್ಣ ಗೆರೆಗಳು; ಗೆರೆಗೊಂದು ಅಂಕಿ, ಒಂದರಿಂದ ಅರವತ್ತು.