ಸುಣ್ಣದ ಗುರುತು

ಕುರ್ಲಾದ ಚಾಳಿನ ಮಾಲೀಕ ಸೇವಂತಿಗೂ ಅವಳ ಗಂಡನಿಗೂ ಕೋಣೆ ಕೊಟ್ಟದ್ದು ಇಬ್ಬರಿಗೆ ಮಾತ್ರ ಎಂಬ ಕರಾರಿನ ಮೇಲೆ. ಅಲ್ಲಿದ್ದ ಮೂರನೆಯವನು ಅವಳ ತಮ್ಮ ದೂಜ. ರಾತ್ರಿಯಿಡೀ ಹೋಟೆಲಿನಲ್ಲಿ ಇಡ್ಲಿಹಿಟ್ಟು ರುಬ್ಬಿ ಬಂದು ಹಗಲು ಮಲಗುವವನು. ಮಾಲೀಕನ ಕಡೆಯವರು ಹೊತ್ತುಗೊತ್ತಿಲ್ಲದೆ ಬಂದು ಇಣುಕುತ್ತಿದ್ದರಿಂದ ಗಂಡ ಬೆಳಿಗ್ಗೆಯೇ ಕೆಲಸಕ್ಕೆ ಹೋದ ಮೇಲೆ ಸೇವಂತಿ ತಾನೂ ಹೊರಡುವಾಗ ತಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿಯುತ್ತಿದ್ದಳು.

"ಯಾರು ಬಾಗಿಲು ಬಡಿದರೂ ಉಸಿರೆತ್ತಬೇಡ ಮಾರಾಯ" ಎಂದು ದಿನವೂ ಹೇಳುತ್ತಿದ್ದಳು. ಆ ಚಾಳಿನಲ್ಲಿ ತುಳು ಮಾತಾಡುವ ಹೋಟೆಲ್ ಕೆಲಸದವರಿದ್ದ ಎಷ್ಟೋ ಕೋಣೆಗಳಲ್ಲಿ ಇದೇ ಪದ್ಧತಿ. ಊರು ಬಿಟ್ಟು ಬಂದವರ ಜಾಣತನ ಅಂದರೆ ಇಂಥದ್ದೇ!

ಚಾಳಿನ ಹಿಂದೆಯೇ ಮೀಠಿ ನದಿ. ಹಿಂದಿನ ಮಳೆಗಾಲದಲ್ಲಿ ಅದು ಕೆಲವರನ್ನು ನುಂಗಿದ ಮೇಲೆ ಸರ್ಕಾರ ಕಣ್ಣು ಬಿಟ್ಟಿತು. ಸೇತುವೆಯ ಕಂಬಕ್ಕೆ ಕೆಂಪು ಗೆರೆ ಬಳಿದರು. ನೀರು ಗೆರೆ ಮುಟ್ಟಿದರೆ ಸೀಟಿ ಊದಿ ಎಲ್ಲರನ್ನೂ ಶಾಲೆಗೆ ಸಾಗಿಸಬೇಕು, ಖಾಲಿ ಕೋಣೆಯ ಬಾಗಿಲಿಗೆ ಸುಣ್ಣದ ಗುರುತು ಹಾಕಬೇಕು. ದೋಣಿಯನ್ನೂ ತಂದಿಟ್ಟರು. ಎಂದೂ ಇಲ್ಲದೆ ಈ ಸಲ ಎಲ್ಲವೂ ಹೇಳಿದಂತೆಯೇ ನಡೆಯಿತು.

ಸೀಟಿ ಊದಿದಾಗ ಸೇವಂತಿ ಘಾಟ್ಕೋಪರಿನಲ್ಲಿ ಯಾರದೋ ಮನೆಯ ಅಡುಗೆಯಲ್ಲಿದ್ದಳು. ಸುದ್ದಿ ಕೇಳಿ ಹೊರಟರೆ ಲೋಕಲ್ ರೈಲು ನಿಂತಿತ್ತು. ಹಳಿಯ ಮೇಲೆ ನಡೆದು ಶಾಲೆಗೆ ಬಂದು ಒಂದೊಂದೇ ಕೋಣೆ ಹುಡುಕಿದಳು. ದೂಜ ಇರಲಿಲ್ಲ. ಸೆರಗಿನ ತುದಿಯ ಕೀಲಿಕೈ ಕೈಗೆ ತಗುಲಿದಾಗ, ಅವನು ಇನ್ನೂ ಬೀಗದ ಒಳಗೇ ಇದ್ದಾನೆಂದು ಅವಳಿಗೆ ಖಚಿತವಾಯಿತು.

ಅಲ್ಲಿ ಜನರನ್ನು ನೋಡಿಕೊಳ್ಳುತ್ತಿದ್ದವನು ಮೈಸೂರು ಕಡೆಯ ನಂಜುಂಡ, ಮುನಿಸಿಪಾಲಿಟಿಯವನು.

"ನಿಮ್ ಚಾಳು ಪೂರ್ತಿ ಖಾಲಿಯಮ್ಮ. ನಾನೇ ಬಡಿದು ನೋಡಿದೀನಿ. ಬೀಗ ಹಾಕಿರೋ ಮನೇಲಿ ಯಾರಿರ್ತಾರೆ?"

"ನನ್ನ ತಮ್ಮ ಉಂಟು ಒಳಗೆ!"

ನಂಜುಂಡನ ಮುಖ ಬಿಳಿಚಿಕೊಂಡಿತು. ಓಡಿಹೋಗಿ ದೋಣಿಯವನನ್ನು ಕೂಗಿದ.

ಸಂಜೆಗತ್ತಲಿನಲ್ಲಿ ಗಲ್ಲಿ ಹೊಳೆಯಾಗಿತ್ತು. ಬೀಗ ನೀರಿನೊಳಗಿತ್ತು. ನಂಜುಂಡ ಅವಳ ಕೀಲಿಕೈ ಹಿಡಿದು ಕುತ್ತಿಗೆಯವರೆಗೆ ನೀರಿಗಿಳಿದು ತಡಕಾಡಿ ಅದನ್ನು ತೆಗೆಯುವಷ್ಟರಲ್ಲಿ ಸೇವಂತಿ ಹೇಳದ ಹರಕೆಯಿಲ್ಲ. ಬಾಗಿಲು ಅರ್ಧ ತೆರೆಯಿತು. ಸಾಮಾನಿನ ಅಟ್ಟದ ಮೇಲೆ ತಲೆ ಸೂರಿಗೆ ತಾಗುವಂತೆ ದೂಜ ಮುದುಡಿ ಕೂತಿದ್ದ.

"ಬಡಿದಾಗ ಯಾಕೋ ಮಾತಾಡಲಿಲ್ಲ?" ನಂಜುಂಡ ಅವನನ್ನು ದೋಣಿಗೆ ಎಳೆದುಕೊಳ್ಳುತ್ತ ಗದರಿದ.

ದೂಜ ಅಕ್ಕನನ್ನು ನೋಡಿದ. "ನೀನೇ ಹೇಳಿದ್ದಲ್ಲವಾ ಅಕ್ಕ? ಮಾಲೀಕನ ಜನ ಅಂತ ಗ್ರಹಿಸಿದೆ. ನೀರು ಒಳಗೆ ಬಂದ ಮೇಲೆ ಕೂಗಿದೆ. ತುಂಬ ಕೂಗಿದೆ. ಆಗ ಯಾರೂ ಇರಲಿಲ್ಲ."

ಸೇವಂತಿ ಅವನನ್ನು ಬಾಚಿ ತಬ್ಬಿದಳು. ಅತ್ತಳು. ದೋಣಿ ಶಾಲೆಯತ್ತ ತಿರುಗಿತು. ಅವನ ಹೆಗಲ ಮೇಲಿಂದ ಅವಳ ಕಣ್ಣು ಚಾಳಿನ ಕೋಣೆಗಳ ಸಾಲಿನ ಮೇಲೆ ಬಿತ್ತು. ಮುಚ್ಚಿದ ಬಾಗಿಲುಗಳು. ನೀರಿನ ಮೇಲೆ ಉಳಿದ ಹಲಗೆಯ ಮೇಲೆಲ್ಲ ಸುಣ್ಣದ ಗುರುತು.

"ನಿಲ್ಲಿಸಿ!" ಎಂದಳು.

ನಂಜುಂಡನಿಗೂ ಹೊಳೆಯಿತು. ದೋಣಿಯ ಹುಟ್ಟನ್ನೆತ್ತಿ ಪಕ್ಕದ ಬಾಗಿಲು ಬಡಿಯಲು ಹೋದ.

"ಬಡಿಯಬೇಡಿ! ಬಡಿದರೆ ಯಾರೂ ಮಾತಾಡುವುದಿಲ್ಲ" ಎಂದು ಅವನ ಕೈ ಹಿಡಿದಳು. ಎದ್ದು ನಿಂತು ಗಂಟಲು ಹರಿಯುವಂತೆ ತುಳುವಿನಲ್ಲಿ ಕೂಗಿದಳು. ನಾನು ಸೇವಂತಿ, ಮಾಲೀಕನ ಜನ ಅಲ್ಲ, ಒಳಗಿದ್ದವರು ಮಾತಾಡಿ.

ಮಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅವಳು ಮತ್ತೆ ಕೂಗಿದಳು. ಸಾಲಿನ ಕೊನೆಯಲ್ಲಿ ಒಂದು ಬಾಗಿಲನ್ನು ಯಾರೋ ಒಳಗಿನಿಂದ ಬಡಿಯತೊಡಗಿದರು. ಆಮೇಲೆ ಇನ್ನೊಂದನ್ನು.