ಬಾರದವರ ಬೈಗುಳ ಬಂದವರಿಗೆ

ಖಾನಾಪುರದ ಆ ಓಣಿ ಇಳಿಜಾರು. ಮಳೆಗಾಲಕ್ಕೆ ಮುಂಚೆ ಅಲ್ಲಿ ಎಲ್ಲರೂ ಗಟಾರ ಬಳಿಯುತ್ತಾರೆ, ಸುಳ್ಳಲ್ಲ. ಆದರೆ ತಮ್ಮ ಮನೆ ಮುಂದಿನ ರಾಡಿಯನ್ನು ಕೆಳಗಿನ ಮನೆಯ ಮುಂದಕ್ಕೆ ದಬ್ಬಿ, ಕೈ ತೊಳೆದುಕೊಂಡು ಒಳಗೆ ಹೋಗುತ್ತಾರೆ. ಕೆಳಗಿನವರೂ ಹಾಗೆಯೇ. ಓಣಿಯ ರಾಡಿಯೆಲ್ಲ ಬಂದು ನಿಲ್ಲುವುದು ಗಂಗೂಬಾಯಿಯ ಬಾಗಿಲಿಗೆ. ಅವಳಿಗಿಂತ ಕೆಳಗೆ ಮನೆಯೇ ಇಲ್ಲ.

ಈ ವರ್ಷ ಮಗಳು ವರದಾ ಬಾಣಂತನಕ್ಕೆ ಬಂದಿದ್ದಳು. ಮುಂಗಾರಿಗೆ ಮುಂಚಿನ ಒಂದು ಮಳೆಗೇ ಗಟಾರದ ನೀರು ಬಾಣಂತಿ ಕೋಣೆಗೆ ಹೊಕ್ಕಿತು. ವರದಾ ಕೂಸನ್ನು ಎದೆಗವಚಿಕೊಂಡು ಮಂಚ ಹತ್ತಿ ಕುಳಿತಳು. ದೊಡ್ಡ ಮಳೆ ಇನ್ನೂ ಬರಬೇಕಿತ್ತು.

ಭಾನುವಾರ ಎಲ್ಲರೂ ಕೂಡಿ ಗಟಾರ ತೆಗೆಯೋಣ ಎಂದು ಗಂಗೂಬಾಯಿ ಓಣಿಯ ವಾಟ್ಸಾಪಿಗೆ ಮಗಳಿಂದ ಹಾಕಿಸಿದಳು. ಎಲ್ಲರೂ ಒಪ್ಪಿಗೆಯ ಹೆಬ್ಬೆರಳು ತೋರಿಸಿದರು. ಬಂದವರು ಭರಮಪ್ಪ, ಮಯೂರ ಇಬ್ಬರೇ. ಗಂಗೂಬಾಯಿಗೆ ತಲೆ ಕೆಟ್ಟಿತು. "ಈ ಓಣಿಯಾಗ ಒಬ್ಬರರ ಮನಷ್ಯಾರ ಅದಾರೇನ?" ಎಂದು ಆ ಇಬ್ಬರ ಮುಂದೆಯೇ ಬೈಯತೊಡಗಿದವಳು ಅಂದಿನ ಕೆಲಸ ಮುಗಿಯುವ ತನಕ ನಿಲ್ಲಿಸಲಿಲ್ಲ. ಮುಂದಿನ ಭಾನುವಾರ ಅವರೂ ಬರಲಿಲ್ಲ.

ಹಿಂದಿನ ಓಣಿಯ ನಜ್ಮುನ್ನಿಸಾ, ಮಹಿಳಾ ಸಂಘದ ಗೆಳತಿ, ಬಂದು ನೋಡಿದರೆ ಗಂಗೂಬಾಯಿ ಸಲಿಕೆ ಎಸೆದು ಕಟ್ಟೆ ಮೇಲೆ ಕುಳಿತಿದ್ದಳು.

"ಸಾಕಾತು ನಜ್ಮಾ. ಇವರನ್ನ ಕರಿಯೂದಕ್ಕಿಂತ ಎಮ್ಮಿ ಕರಿಯೂದು ಪಾಡ."

"ಎಮ್ಮಿನೂ ಬಂದಾಗ ಬೈದ್ರ ಮತ್ತ ಬರಂಗಿಲ್ಲ ಗಂಗಕ್ಕ."

"ನಾ ಬೈದದ್ದು ಬರಲಾರದವ್ರಿಗೆ."

"ಅವ್ರೆಲ್ಲಿದ್ರು ಕೇಳಾಕ? ಬಂದಾವ್ರ ಕೇಳಿದ್ರು. ನಮ್ಮ ಓಣ್ಯಾಗೂ ಮೊದಲ ಹಿಂಗ ಕೆಟ್ಟಿತ್ತು. ನಡಿ, ಮನಿಗೇ ಹೋಗಿ ಕೇಳೂಣು."

ಭರಮಪ್ಪ ಬಾಗಿಲಲ್ಲೇ ನಿಂತ. "ನಾ ರಾಡಿ ಹೊತ್ತು ಬೈಸ್ಕೊಳ್ಳೂದು, ಮ್ಯಾಲಿನ ಮನಿ ಅವಧೂತ ಚಹಾ ಕುಡಕೋತ ನೋಡೂದು. ಮೊದಲ ಅಂವಾ ಬರ್ಲಿ ಕಾಕೂ."

ಅವಧೂತನನ್ನು ಕೇಳಿದರೆ, "ಭರಮಪ್ಪ ಬಿಟ್ಟಾನಂತ. ಅಂವಾ ಬಂದ್ರ ನಾ ಒಲ್ಲೆ ಅಂತೇನೇನು? ನಾನೊಬ್ಬನ ಯಾಕ?"

ಗಂಗೂಬಾಯಿಯ ಬಾಯಿ ತೆರೆಯಿತು. ನಜ್ಮುನ್ನಿಸಾ ಅವಳ ಕೈ ಒತ್ತಿದಳು.

"ಅವಧೂತಣ್ಣಾ, ಒಂಚೂರು ಬರ್ರಿ. ಈ ಮಾತು ಅವನ ಮುಂದ ಹೇಳ್ರಿ."

ಇಬ್ಬರೂ ಎದುರೆದುರು ನಿಂತು ಅದೇ ಮಾತು ಹೇಳಿದರು. ಹೇಳಿ, ಗಟಾರ ನೋಡುತ್ತ ನಿಂತರು.

"ಅಂದ್ರ ಇಬ್ಬರೂ ಒಬ್ಬರನ್ನೊಬ್ಬರು ಕಾಯ್ಕೋತ ಕುಂತಿದ್ರಿ. ಪಾಪ ರಾಡಿ ಮಾತ್ರ ಯಾರನ್ನೂ ಕಾಯ್ಲಿಲ್ಲ ನೋಡ್ರಿ," ಎಂದಳು ನಜ್ಮುನ್ನಿಸಾ.

ಅವಧೂತ ಲುಂಗಿ ಎತ್ತಿ ಕಟ್ಟಿದ.

ಅಂದು ಕೆಲಸ ಕೆಳಗಿನ ಮನೆಯಿಂದ ಶುರುವಾಯಿತು. ರಾಡಿಯನ್ನು ದಬ್ಬಲಿಲ್ಲ, ಕೈಗಾಡಿಗೆ ತುಂಬಿ ಓಣಿಯಿಂದಾಚೆ ಸಾಗಿಸಿದರು. ಇಬ್ಬರು ದುಡಿಯುವುದನ್ನು ಕಂಡು ಮಯೂರ ಬಂದ, ಮತ್ತೆ ಒಬ್ಬೊಬ್ಬರೇ ಹೊರಬಿದ್ದರು. ಎಲ್ಲ ಮುಗಿಯುತ್ತ ಬಂದಾಗ ಅದೇ ಓಣಿಯ ಗುರುಸಿದ್ದ ತಲೆ ಬಾಚಿಕೊಂಡು ಬಂದು, "ಏನರ ಉಳದೈತೇನ್ರಿ?" ಎಂದ.

ಗಂಗೂಬಾಯಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿದಳು. "ಉಳದೈತಿ, ಬಾರೋ ಯಪ್ಪಾ," ಎಂದು ಸಲಿಕೆ ಕೊಟ್ಟಳು.

ದೊಡ್ಡ ಮಳೆ ಬಂತು. ನೀರು ಹೊಸ್ತಿಲು ಹತ್ತಲಿಲ್ಲ. ವರದಾ ಕೂಸನ್ನು ತೊಟ್ಟಿಲಿಗೆ ಹಾಕಿದಳು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಹೀಗೆ ಒಬ್ಬರು ಇನ್ನೊಬ್ಬರ ದಾರಿ ನೋಡುತ್ತ ಕುಳಿತಿರಬಹುದು. ಅವರನ್ನು ಎದುರೆದುರು ನಿಲ್ಲಿಸಿರಿ. ಬಾರದವರ ಮೇಲಿನ ಸಿಟ್ಟನ್ನು ಬಂದವರ ಮೇಲೆ ತೀರಿಸಬೇಡಿರಿ. ತಡವಾಗಿ ಬಂದವರಿಗೂ ಕೆಲಸ ಕೊಡಿರಿ. ಮತ್ತೆ, ನಿಮ್ಮ ಮನೆಯ ರಾಡಿ ಯಾರ ಬಾಗಿಲಲ್ಲಿ ನಿಂತಿದೆ ಎಂದು ಮಳೆಗೆ ಮುಂಚೆ ಒಮ್ಮೆ ಇಳಿದು ಹೋಗಿ ನೋಡಿ ಬನ್ನಿರಿ.